ಹಲವು ಕಚೇರಿಗಳ ನಡುವೆ ವಿಪಿಎನ್ ರೂಟಿಂಗ್: ವಿಳಾಸ ಹಂಚಿಕೆಯಿಂದ ದೋಷ ಪತ್ತೆಯವರೆಗೆ

ಎರಡು ಕಚೇರಿಗಳ ನಡುವೆ ವಿಪಿಎನ್ ಟನಲ್, ಅಂದರೆ ಇಂಟರ್ನೆಟ್ ಮೇಲೆ ಗೂಢಲಿಪಿಯಲ್ಲಿ ಹಾಯುವ ಖಾಸಗಿ ದಾರಿ, ಎಬ್ಬಿಸುವುದು ಇವತ್ತು ದೊಡ್ಡ ಕೆಲಸವೇನಲ್ಲ. ಮೂರನೆಯ ಕಚೇರಿ ಸೇರಿಕೊಂಡಾಗ ತೊಡಕು ಶುರುವಾಗುತ್ತದೆ. ಟನಲ್ ಚಾಲೂ ಇದೆ ಎಂದು ಪರದೆ ಹೇಳುತ್ತದೆ, ಪಿಂಗ್ (ಆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಹೋಗದು. ಪಿಂಗ್ ಹೋದರೆ ಫೈಲ್ ತೆರೆಯದು. ಈ ಕಡೆಯಿಂದ ತೆರೆದರೆ ಆ ಕಡೆಯಿಂದ ತೆರೆಯದು. ಇಂಥ ಕಡೆ ಗೂಢಲಿಪೀಕರಣದ ತಪ್ಪು ಇರುವುದು ಅಪರೂಪ. ಪ್ಯಾಕೆಟ್ (ಜಾಲದಲ್ಲಿ ಓಡಾಡುವ ಮಾಹಿತಿಯ ತುಂಡು) ಹೋಗುವ ದಾರಿಯನ್ನು ಬರೆದವರು ಅದು ಮರಳುವ ದಾರಿಯನ್ನು ಬರೆದಿರುವುದಿಲ್ಲ, ಅಷ್ಟೆ. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪ್ಯಾಕೆಟ್‌ನ ಉತ್ತರ ಯಾವ ಪೆಟ್ಟಿಗೆಯ ಮೂಲಕ ವಾಪಸ್ ಬರುತ್ತದೆ?

ಉದಾಹರಣೆಗೆ ನಾಲ್ಕು ಕಚೇರಿಗಳನ್ನು ಇಟ್ಟುಕೊಳ್ಳೋಣ: ಒಂದು ಪ್ರಧಾನ ಕಚೇರಿ, ಮೂರು ಶಾಖೆಗಳು. ಪ್ರತಿ ಕಡೆಯೂ ಲಿನಕ್ಸ್ ಗೇಟ್‌ವೇ (ಕಚೇರಿಯ ಜಾಲವನ್ನು ಹೊರಗಿನದಕ್ಕೆ ಜೋಡಿಸುವ ಪೆಟ್ಟಿಗೆ), ಟನಲ್‌ಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ. ಐಪಿಸೆಕ್ ಎಂಬ ಇನ್ನೊಂದು ವಿಪಿಎನ್ ಪದ್ಧತಿಯಲ್ಲಿ ಬೇರೆ ಆಗುವುದನ್ನು ಆಯಾ ಜಾಗದಲ್ಲೇ ಹೇಳಿದೆ.

ಮೊದಲು ವಿಳಾಸಗಳು, ಆಮೇಲೆ ಟನಲ್

ಯಾವ ಎರಡು ಕಚೇರಿಗಳಲ್ಲೂ ಒಂದೇ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಇರಬಾರದು. ಗೊತ್ತಿರುವ ಮಾತೇ, ಆದರೂ ಹೆಚ್ಚು ಕಡೆ ಎಡವುವುದು ಇಲ್ಲೇ, ಏಕೆಂದರೆ ಅಂಗಡಿಯಿಂದ ತಂದ ರೂಟರ್‌ಗಳಲ್ಲಿ ಬಹಳಷ್ಟು 192.168.0.0/24 ಅಥವಾ 192.168.1.0/24 ಇಟ್ಟುಕೊಂಡೇ ಬರುತ್ತವೆ. ಖಾಸಗಿ ಬಳಕೆಗೆ ಮೀಸಲಾದ ಮೂರು ವ್ಯಾಪ್ತಿಗಳು (ಗೀಟಿನ ನಂತರದ ಅಂಕಿ ಚಿಕ್ಕದಾದಷ್ಟೂ ವ್ಯಾಪ್ತಿ ದೊಡ್ಡದು) 10.0.0.0/8, 172.16.0.0/12, 192.168.0.0/16. ಮೊದಲನೆಯದನ್ನು ಆರಿಸಿ, ಎರಡನೆಯ ಅಂಕಿಯನ್ನೇ ಕಚೇರಿಯ ಸಂಖ್ಯೆ ಮಾಡಿಕೊಳ್ಳಿ:

ಪ್ರಧಾನ ಕಚೇರಿ: 10.1.0.0/16
ಶಾಖೆ 2: 10.2.0.0/16
ಶಾಖೆ 3: 10.3.0.0/16
ಶಾಖೆ 4: 10.4.0.0/16
ಟನಲ್‌ಗಳಿಗೆ: 10.255.0.0/24

ಮೂರನೆಯ ಅಂಕಿ ಆ ಕಚೇರಿಯೊಳಗಿನ ವಿಎಲ್ಯಾನ್‌ಗಳಿಗೆ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲಗಳಿಗೆ). ಎಲ್ಲ ಕಡೆಯೂ 10 ಎಂದರೆ ಸಿಬ್ಬಂದಿ, 20 ಎಂದರೆ ಫೋನ್, 30 ಎಂದರೆ ಸರ್ವರ್ ಎಂದು ಒಂದೇ ಕ್ರಮ ಇಟ್ಟರೆ ಲಾಗ್‌ನಲ್ಲಿ 10.3.20.14 ಕಂಡ ಕೂಡಲೇ ಅದು ಶಾಖೆ 3ರ ಫೋನ್ ಎಂದು ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಒಂದು ಕಚೇರಿಗೆ ಒಂದೇ ರೂಟ್ ಸಾಕು. ಶಾಖೆ 3ರಲ್ಲಿ ನಾಳೆ ಹೊಸ ವಿಎಲ್ಯಾನ್ ಬಂದರೂ ಉಳಿದ ಮೂರು ಕಡೆ ಏನನ್ನೂ ಮುಟ್ಟಬೇಕಿಲ್ಲ.

100.64.0.0/10 ವ್ಯಾಪ್ತಿಯನ್ನು ಕಚೇರಿಯೊಳಗೆ ಬಳಸಬೇಡಿ. ಅದು ಇಂಟರ್ನೆಟ್ ಸೇವೆ ಕೊಡುವವರು ತಮ್ಮ ಗ್ರಾಹಕರನ್ನು ನ್ಯಾಟ್ (ಹಲವು ಒಳಗಿನ ವಿಳಾಸಗಳನ್ನು ಒಂದು ಸಾರ್ವಜನಿಕ ವಿಳಾಸವಾಗಿ ಬದಲಿಸುವ ಕ್ರಮ) ಹಿಂದೆ ಇಡಲು ಬಳಸುವ ವ್ಯಾಪ್ತಿ. ನಿಮ್ಮ ರೂಟರ್‌ನ ವ್ಯಾನ್ (ಇಂಟರ್ನೆಟ್) ಕಡೆ ಈ ವ್ಯಾಪ್ತಿಯ ವಿಳಾಸ ಕಂಡರೆ, ಆ ಕಚೇರಿಗೆ ಹೊರಗಿನಿಂದ ಯಾರೂ ನೇರವಾಗಿ ಸಂಪರ್ಕ ಶುರು ಮಾಡಲಾರರು ಎಂದು ಈಗಲೇ ಗುರುತು ಹಾಕಿಕೊಳ್ಳಿ.

ಹಬ್ಬೋ ಮೆಶ್ಶೋ?

ಎಲ್ಲ ಶಾಖೆಗಳೂ ಪ್ರಧಾನ ಕಚೇರಿಗೆ ಮಾತ್ರ ಟನಲ್ ಹಾಕಿದರೆ ಅದು ಹಬ್ ಮಾದರಿ. ಪ್ರತಿ ಕಚೇರಿಯೂ ಪ್ರತಿ ಕಚೇರಿಗೆ ಹಾಕಿದರೆ ಪೂರ್ಣ ಮೆಶ್. ಮೆಶ್‌ನಲ್ಲಿ ಟನಲ್‌ಗಳ ಲೆಕ್ಕ ಬೇಗ ಏರುತ್ತದೆ: 4 ಕಚೇರಿಗೆ 6, 10 ಕಚೇರಿಗೆ 45, 20 ಕಚೇರಿಗೆ 190. ಹಬ್‌ನಲ್ಲಿ 20 ಕಚೇರಿಗೂ 19 ಸಾಕು.

ಹಬ್‌ಗೆ ತೆರಬೇಕಾದ ಬೆಲೆ ಎರಡು. ಶಾಖೆ 2ರಿಂದ ಶಾಖೆ 3ಕ್ಕೆ ಹೋಗುವ ಪ್ರತಿ ಬೈಟ್ ಹಬ್‌ನ ಲಿಂಕ್‌ನಲ್ಲಿ ಒಮ್ಮೆ ಇಳಿದು ಒಮ್ಮೆ ಏರುತ್ತದೆ. ಅಪ್‌ಲೋಡ್ ವೇಗ ಕಡಿಮೆ ಇರುವ ಲಿಂಕ್‌ನಲ್ಲಿ ಹಬ್ ಇಟ್ಟರೆ ಎಲ್ಲರೂ ಆ ವೇಗಕ್ಕೇ ಇಳಿಯುತ್ತಾರೆ. ಎರಡನೆಯದು, ಹಬ್ ಬಿದ್ದರೆ ಎಲ್ಲವೂ ಬಿತ್ತು. ಆದರೂ ಹಬ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಬಹುತೇಕ ಸಂಸ್ಥೆಗಳಲ್ಲಿ ಶಾಖೆಗಳು ಮಾತಾಡುವುದು ಪ್ರಧಾನ ಕಚೇರಿಯ ಸರ್ವರ್‌ಗಳ ಜತೆಗೇ ಹೊರತು ತಮ್ಮತಮ್ಮಲ್ಲಿ ಅಲ್ಲ. ಯಾವುದೋ ಎರಡು ಶಾಖೆಗಳ ನಡುವೆ ಭಾರಿ ಓಡಾಟವಿದ್ದರೆ ಆ ಜೋಡಿಗೆ ಮಾತ್ರ ನೇರ ಟನಲ್ ಸೇರಿಸಿ. ನ್ಯಾಟ್ ಹಿಂದಿರುವ ಶಾಖೆಗಳಿಗಂತೂ ಹಬ್ ಬಿಟ್ಟರೆ ಸುಲಭದ ದಾರಿಯೇ ಇಲ್ಲ. ಎರಡೂ ತುದಿಗಳು ನ್ಯಾಟ್ ಹಿಂದೆ ಅಡಗಿದ್ದರೆ ಬಾಗಿಲು ತೆರೆಯುವವರು ಯಾರು?

ಪಾಲಿಸಿ ಟನಲ್ ಬೇಡ, ಇಂಟರ್‌ಫೇಸ್ ಇರುವ ಟನಲ್ ಬೇಕು

ಐಪಿಸೆಕ್ ಬಳಸುವವರು ಇಲ್ಲಿ ಒಂದು ತೀರ್ಮಾನ ಮಾಡಬೇಕು. ಪಾಲಿಸಿ ಆಧಾರಿತ ಟನಲ್‌ನಲ್ಲಿ ರೂಟಿಂಗ್ ಪಟ್ಟಿಗೆ ಟನಲ್ ಕಾಣುವುದೇ ಇಲ್ಲ. ಯಾವ ಮೂಲದಿಂದ ಯಾವ ಗುರಿಗೆ ಎಂಬ ಜೋಡಿ ಹೊಂದಿದರೆ ಪ್ಯಾಕೆಟ್ ಗೂಢಲಿಪಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಈ ಕಡೆ 3 ಸಬ್‌ನೆಟ್, ಆ ಕಡೆ 4 ಇದ್ದರೆ 12 ಜೋಡಿಗಳು, ಮತ್ತು ಎರಡೂ ತುದಿಯಲ್ಲಿ ಅವು ತಾಳೆಯಾಗಬೇಕು. ಒಂದು ಕಡೆ /24, ಇನ್ನೊಂದು ಕಡೆ /16 ಬರೆದಿದ್ದರೆ ಮೊದಲ ಹಂತದ ಒಪ್ಪಂದ ಯಶಸ್ವಿ ಎಂದು ತೋರಿಸಿ ಎರಡನೆಯದು ಮುರಿಯಬಹುದು.

ರೂಟ್ ಆಧಾರಿತ ಟನಲ್‌ನಲ್ಲಿ ಒಂದು ವರ್ಚುವಲ್ ಇಂಟರ್‌ಫೇಸ್ ಸಿಗುತ್ತದೆ. ಅದರ ಮೇಲೆ ಸಾಮಾನ್ಯ ರೂಟ್ ಬರೆಯಬಹುದು, ಫೈರ್‌ವಾಲ್ ನಿಯಮ ಹಾಕಬಹುದು, ಪ್ಯಾಕೆಟ್ ಸೆರೆಹಿಡಿಯಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ವಿಟಿಐ ಅಥವಾ ಅದಕ್ಕಿಂತ ಹೊಸದಾದ ಎಕ್ಸ್‌ಎಫ್‌ಆರ್‌ಎಂ ಇಂಟರ್‌ಫೇಸ್ ಇದೆ. ಆ ತುದಿಯ ಪೆಟ್ಟಿಗೆ ಬೇರೆ ಸಂಸ್ಥೆಯ ಕೈಯಲ್ಲಿದ್ದು ಅವರು ಪಾಲಿಸಿ ಮಾತ್ರ ಕೊಡುತ್ತೇವೆ ಎಂದರೆ ಮಾತ್ರ ಪಾಲಿಸಿಗೆ ಒಪ್ಪಿ. ವೈರ್‌ಗಾರ್ಡ್‌ನಲ್ಲಿ ಇಂಟರ್‌ಫೇಸ್ ತಾನಾಗಿಯೇ ಇರುತ್ತದೆ, ಆದರೆ ಅದರೊಳಗೂ ಪಾಲಿಸಿಯಂಥದೇ ಒಂದು ಪಟ್ಟಿ ಕುಳಿತಿದೆ. ಮುಂದಿನ ಭಾಗದ ಮುಖ್ಯ ವಿಷಯ ಅದೇ.

ಹಬ್ ಕಟ್ಟುವ ಕ್ರಮ

1. ಪ್ರತಿ ಗೇಟ್‌ವೇಯಲ್ಲೂ ಒಂದೊಂದು ಕೀ ಜೋಡಿ ತಯಾರಿಸಿ. ಖಾಸಗಿ ಕೀ ಆ ಪೆಟ್ಟಿಗೆಯಿಂದ ಹೊರಗೆ ಹೋಗಬಾರದು; ಸಾರ್ವಜನಿಕ ಕೀ ಮಾತ್ರ ಇನ್ನೊಂದು ತುದಿಗೆ.

2. ಹಬ್‌ನ ವ್ಯಾನ್ ಕಡೆ ಯುಡಿಪಿ 51820 ತೆರೆಯಿರಿ. ವೈರ್‌ಗಾರ್ಡ್‌ಗೆ ರೂಢಿಯಲ್ಲಿರುವ ಪೋರ್ಟ್ ಇದು, ಬೇರೆಯದನ್ನೂ ಇಡಬಹುದು. ಐಪಿಸೆಕ್ ಆದರೆ ಯುಡಿಪಿ 500 ಮತ್ತು 4500, ನ್ಯಾಟ್ ಇಲ್ಲದ ಕಡೆ ಪ್ರೋಟೊಕಾಲ್ ಸಂಖ್ಯೆ 50 ಕೂಡ. ಈ 50 ಪೋರ್ಟ್ ಸಂಖ್ಯೆಯಲ್ಲ. ಟಿಸಿಪಿ 50 ತೆರೆದಿಟ್ಟು ಕಾಯುತ್ತ ಕೂತವರಿದ್ದಾರೆ.

3. ಟನಲ್ ವಿಳಾಸಗಳು: ಹಬ್‌ಗೆ 10.255.0.1, ಶಾಖೆಗಳಿಗೆ ಕ್ರಮವಾಗಿ 10.255.0.2, 3, 4.

4. ಹಬ್‌ನಲ್ಲಿ ಪ್ರತಿ ಶಾಖೆಗೂ ಒಂದು ಪಿಯರ್ (ಟನಲ್‌ನ ಆ ತುದಿ) ಬರೆಯಿರಿ. ಶಾಖೆ 2ರ ಅಲೌಡ್ ಐಪಿ ಪಟ್ಟಿಯಲ್ಲಿ 10.255.0.2/32 ಮತ್ತು 10.2.0.0/16. ಶಾಖೆ 3ರದರಲ್ಲಿ 10.255.0.3/32 ಮತ್ತು 10.3.0.0/16. ಶಾಖೆ 4ಕ್ಕೂ ಹಾಗೆಯೇ.

5. ಶಾಖೆಗಳಲ್ಲಿ ಪಿಯರ್ ಒಂದೇ, ಅದು ಹಬ್. ಶಾಖೆ 2ರಲ್ಲಿ ಹಬ್‌ನ ಅಲೌಡ್ ಐಪಿ ಪಟ್ಟಿ: 10.255.0.0/24, 10.1.0.0/16, 10.3.0.0/16, 10.4.0.0/16. ಹೊಸ ಶಾಖೆ ಬಂದಾಗಲೆಲ್ಲ ಎಲ್ಲ ಕಡೆ ತಿದ್ದುವುದು ಬೇಡವೆಂದರೆ ಇವೆಲ್ಲದರ ಬದಲು 10.0.0.0/8 ಒಂದನ್ನೇ ಬರೆಯಬಹುದು.

6. ಶಾಖೆಗಳಲ್ಲಿ ಕೀಪ್‌ಅಲೈವ್ 25 ಸೆಕೆಂಡು ಇಡಿ. ನ್ಯಾಟ್ ಪೆಟ್ಟಿಗೆ ತನ್ನ ಪಟ್ಟಿಯಿಂದ ಯುಡಿಪಿ ನಮೂದನ್ನು ಅಳಿಸುವ ಮೊದಲೇ ಒಂದು ಪ್ಯಾಕೆಟ್ ಹೊರಗೆ ಹೋಗುತ್ತಿರಬೇಕು. ಇದಿಲ್ಲದಿದ್ದರೆ ಶಾಖೆಯವರು ಕೆಲಸ ಮಾಡುವಾಗ ಎಲ್ಲ ಸರಿ, ರಾತ್ರಿ ಹಬ್‌ನಿಂದ ಶಾಖೆಯ ಬ್ಯಾಕಪ್ ತೆಗೆಯಲು ಹೋದರೆ ದಾರಿ ಬಂದ್.

7. ಎಲ್ಲ ಗೇಟ್‌ವೇಗಳಲ್ಲೂ ಐಪಿ ಫಾರ್ವರ್ಡಿಂಗ್ (ಒಂದು ಇಂಟರ್‌ಫೇಸ್‌ಗೆ ಬಂದ ಪ್ಯಾಕೆಟ್ ಅನ್ನು ಇನ್ನೊಂದಕ್ಕೆ ದಾಟಿಸುವುದು) 1 ಎಂದಿರಲಿ, ರೀಬೂಟ್ ಆದಮೇಲೂ ಉಳಿಯುವಂತೆ ಕಡತದಲ್ಲಿ ಬರೆದಿರಲಿ.

8. ಹಬ್‌ನ ಫೈರ್‌ವಾಲ್‌ನಲ್ಲಿ ಟನಲ್ ಇಂಟರ್‌ಫೇಸ್‌ನಿಂದ ಬಂದು ಅದೇ ಟನಲ್ ಇಂಟರ್‌ಫೇಸ್‌ಗೆ ಹೋಗುವ ಫಾರ್ವರ್ಡ್ ನಿಯಮ ಸೇರಿಸಿ. ಲ್ಯಾನ್‌ನಿಂದ (ಕಚೇರಿಯ ಒಳಜಾಲದಿಂದ) ಟನಲ್‌ಗೆ, ಟನಲ್‌ನಿಂದ ಲ್ಯಾನ್‌ಗೆ ಎಲ್ಲರೂ ಬರೆಯುತ್ತಾರೆ. ಟನಲ್‌ನಿಂದ ಟನಲ್‌ಗೆ ಎಂಬುದು ಬಿಟ್ಟುಹೋಗುತ್ತದೆ. ಆಗ ಪ್ರತಿ ಶಾಖೆಗೂ ಪ್ರಧಾನ ಕಚೇರಿ ಸಿಗುತ್ತದೆ, ಶಾಖೆಗೆ ಶಾಖೆ ಮಾತ್ರ ಸಿಗುವುದಿಲ್ಲ.

ಈಗ ಅಲೌಡ್ ಐಪಿ ಪಟ್ಟಿಯ ವಿಷಯ. ಇದು ಎರಡು ಕೆಲಸ ಮಾಡುತ್ತದೆ. ಹೊರಗೆ ಹೋಗುವಾಗ ಇದು ಯಾವ ಪಿಯರ್‌ಗೆ ಕಳಿಸಬೇಕೆಂದು ಹೇಳುತ್ತದೆ. ಒಳಗೆ ಬರುವಾಗ ಇದೇ ಕಾವಲುಗಾರ: ಬಿಚ್ಚಿದ ಪ್ಯಾಕೆಟ್‌ನ ಮೂಲ ವಿಳಾಸ ಆ ಪಿಯರ್‌ನ ಪಟ್ಟಿಯಲ್ಲಿಲ್ಲದಿದ್ದರೆ ಸದ್ದಿಲ್ಲದೆ ಬಿಸಾಡುತ್ತದೆ. ಶಾಖೆ 2ರಲ್ಲಿ 10.4.0.0/16 ಬರೆಯಲು ಮರೆತರೆ, ಶಾಖೆ 4ರಿಂದ ಹೊರಟ ಪ್ಯಾಕೆಟ್ ಹಬ್ ದಾಟಿ ಶಾಖೆ 2ರ ಬಾಗಿಲವರೆಗೆ ಬಂದು ಸಾಯುತ್ತದೆ. ಯಾವ ಫೈರ್‌ವಾಲ್ ಲಾಗ್‌ನಲ್ಲೂ ಅದರ ಸುಳಿವಿರುವುದಿಲ್ಲ.

ಇನ್ನೊಂದು ಗುಣ ತಿಳಿದಿರಲಿ. ಒಂದೇ ಇಂಟರ್‌ಫೇಸ್‌ನಲ್ಲಿ ಒಂದು ಪ್ರಿಫಿಕ್ಸ್ (10.3.0.0/16ರಂಥ ವಿಳಾಸ ವ್ಯಾಪ್ತಿ) ಒಬ್ಬ ಪಿಯರ್‌ಗೆ ಮಾತ್ರ ಸೇರಬಲ್ಲದು. ಶಾಖೆ 4ರ ಸಾಲುಗಳನ್ನು ಶಾಖೆ 3ರಿಂದ ನಕಲು ಮಾಡಿ 10.3.0.0/16 ಅಳಿಸಲು ಮರೆತರೆ, ಆ ಪ್ರಿಫಿಕ್ಸ್ ಶಾಖೆ 4ಕ್ಕೆ ಹೋಗಿಬಿಡುತ್ತದೆ. ದೋಷ ಸಂದೇಶವೇನೂ ಬರದು. ನಿನ್ನೆವರೆಗೆ ಸರಿಯಿದ್ದ ಶಾಖೆ 3 ಇವತ್ತು ಸತ್ತಂತಿರುತ್ತದೆ, ತಿದ್ದಿದವರು ಮಾತ್ರ ತಾವು ಮುಟ್ಟಿದ್ದು ಶಾಖೆ 4 ಅಲ್ಲವೇ ಎನ್ನುತ್ತಾರೆ.

ಎಂಡ್‌ಪಾಯಿಂಟ್ (ಆ ತುದಿಯ ಸಾರ್ವಜನಿಕ ವಿಳಾಸ) ಜಾಗದಲ್ಲಿ ಹೆಸರು ಬರೆದಿದ್ದರೆ ವೈರ್‌ಗಾರ್ಡ್ ಅದನ್ನು ಶುರುವಿನಲ್ಲಿ ಒಮ್ಮೆ ಮಾತ್ರ ವಿಳಾಸವಾಗಿ ಬಿಡಿಸಿಕೊಳ್ಳುತ್ತದೆ. ಹಬ್‌ನ ವಿಳಾಸ ಆಗಾಗ ಬದಲಾಗುವ ಲಿಂಕ್ ಆಗಿದ್ದರೆ, ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತು ಹಿಡಿದು ಕೀ ಒಪ್ಪಿಕೊಳ್ಳುವುದು) ಹಳೆಯದಾದಾಗ ಹೆಸರನ್ನು ಮತ್ತೆ ಬಿಡಿಸುವ ಸಣ್ಣ ಸ್ಕ್ರಿಪ್ಟ್ ಶಾಖೆಗಳಲ್ಲಿ ಬೇಕು. ವೈರ್‌ಗಾರ್ಡ್ ಪರಿಕರಗಳ ಮೂಲ ಕಡತಗಳ ಜತೆಗೇ ಅಂಥದೊಂದು ಬರುತ್ತದೆ.

ಗಡಿಯಾರವನ್ನೂ ನೋಡಿ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುತ್ತದೆ, ಹಿಂದಿನದಕ್ಕಿಂತ ಹಳೆಯ ಮುದ್ರೆಯನ್ನು ಆ ತುದಿ ಒಪ್ಪುವುದಿಲ್ಲ. ಬ್ಯಾಟರಿ ಗಡಿಯಾರವಿಲ್ಲದ ಸಣ್ಣ ಬೋರ್ಡ್ ಒಂದು ಕರೆಂಟ್ ಹೋಗಿ ಬಂದು 1970ರಲ್ಲಿ ಎದ್ದರೆ, ಮತ್ತು ಅದರ ಸಮಯ ಸರ್ವರ್ ಟನಲ್‌ನ ಆ ಬದಿಯಲ್ಲಿದ್ದರೆ, ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಸಮಯ ಸರ್ವರ್ ಟನಲ್‌ನ ಹೊರಗಿರಲಿ.

ವಿಪಿಎನ್ ಪೆಟ್ಟಿಗೆಯೇ ಡೀಫಾಲ್ಟ್ ಗೇಟ್‌ವೇ ಅಲ್ಲದಿದ್ದರೆ

ಬಹಳ ಕಡೆ ಇರುವ ಸ್ಥಿತಿ ಇದು: ಲ್ಯಾನ್‌ನ ರೂಟರ್ 10.2.10.1, ಅದೇ ಲ್ಯಾನ್‌ನಲ್ಲಿ ಒಂದು ಮೂಲೆಗೆ ವಿಪಿಎನ್ ಪೆಟ್ಟಿಗೆ 10.2.10.2. ಪಿಸಿಗಳಿಗೆ ಗೊತ್ತಿರುವುದು ರೂಟರ್ ಮಾತ್ರ. ಹಾಗಾಗಿ ರೂಟರ್‌ನಲ್ಲಿ 10.0.0.0/8ಕ್ಕೆ ಮುಂದಿನ ನಿಲ್ದಾಣ 10.2.10.2 ಎಂಬ ಸ್ಟ್ಯಾಟಿಕ್ ರೂಟ್ ಹಾಕಲೇಬೇಕು. ಹಾಕಿದ ಮೇಲೂ ಕಥೆ ಮುಗಿಯುವುದಿಲ್ಲ.

ಪಿಸಿಯಿಂದ ಹೊರಟ ಮೊದಲ ಟಿಸಿಪಿ ಪ್ಯಾಕೆಟ್ ರೂಟರ್‌ಗೆ ಹೋಗಿ, ಅಲ್ಲಿಂದ ವಿಪಿಎನ್ ಪೆಟ್ಟಿಗೆಗೆ, ಅಲ್ಲಿಂದ ಟನಲ್‌ಗೆ. ಉತ್ತರ ಬರುವಾಗ ವಿಪಿಎನ್ ಪೆಟ್ಟಿಗೆ ಅದೇ ಲ್ಯಾನ್‌ನಲ್ಲಿರುವುದರಿಂದ ನೇರ ಪಿಸಿಗೆ ಕೊಡುತ್ತದೆ. ರೂಟರ್ ಅದನ್ನು ನೋಡುವುದೇ ಇಲ್ಲ. ಮೂರನೆಯ ಪ್ಯಾಕೆಟ್ ಮತ್ತೆ ರೂಟರ್‌ಗೆ ಬಂದಾಗ, ಮಧ್ಯದ ಉತ್ತರ ಕಾಣದ ಸ್ಟೇಟ್‌ಫುಲ್ ಫೈರ್‌ವಾಲ್ (ಪ್ರತಿ ಸಂಪರ್ಕದ ಸ್ಥಿತಿ ನೆನಪಿಡುವಂಥದು) ಇದು ಅಕ್ರಮ ಎಂದು ಬಿಸಾಡುತ್ತದೆ. ಪಿಸಿಯಿಂದ ಪಿಂಗ್ ಮಾಡಿದರೆ ಸರಿ, ವೆಬ್ ಪುಟ ಮಾತ್ರ ತಿರುಗುತ್ತಲೇ ಇರುತ್ತದೆ. ಕೆಲವೊಮ್ಮೆ ರೂಟರ್ ಕಳಿಸುವ ಐಸಿಎಂಪಿ ರೀಡೈರೆಕ್ಟ್ (ಹತ್ತಿರದ ದಾರಿ ಬೇರೆಯಿದೆ ಎಂಬ ಸೂಚನೆ) ಅನ್ನು ಪಿಸಿ ಕೇಳಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೆಡುತ್ತದೆ.

ರೂಟರ್‌ನಲ್ಲಿ ಸ್ಟೇಟ್ ತಪಾಸಣೆಯನ್ನೇ ಆರಿಸುವುದು ಕೆಟ್ಟ ಪರಿಹಾರ. ವಿಪಿಎನ್ ಪೆಟ್ಟಿಗೆಯನ್ನು ಪಿಸಿಗಳ ಲ್ಯಾನ್‌ನಿಂದ ತೆಗೆದು ಪ್ರತ್ಯೇಕ ಸಣ್ಣ ಸಬ್‌ನೆಟ್‌ಗೆ ಸರಿಸಿ: 10.2.255.0/30, ರೂಟರ್‌ಗೆ 10.2.255.1, ವಿಪಿಎನ್‌ಗೆ 10.2.255.2. ವಿಪಿಎನ್ ಪೆಟ್ಟಿಗೆಯಲ್ಲಿ 10.2.0.0/16ಕ್ಕೆ ದಾರಿ 10.2.255.1 ಎಂದು ಬರೆಯಿರಿ. ಈಗ ಹೋಗುವುದೂ ಬರುವುದೂ ರೂಟರ್ ಮೂಲಕವೇ.

ನ್ಯಾಟ್ ಮತ್ತು ಹಿಮ್ಮುಖ ದಾರಿ ತಪಾಸಣೆ

ಕಚೇರಿಗಳ ನಡುವಿನ ಓಡಾಟಕ್ಕೆ ನ್ಯಾಟ್ ಬೇಡ. ಮಾಸ್ಕ್ವೆರೇಡ್ (ಮೂಲ ವಿಳಾಸವನ್ನು ಗೇಟ್‌ವೇಯದಾಗಿ ಬದಲಿಸುವ ನ್ಯಾಟ್) ನಿಯಮವನ್ನು ವ್ಯಾನ್ ಇಂಟರ್‌ಫೇಸ್‌ಗೆ ಮಾತ್ರ ಕಟ್ಟಿದ್ದರೆ ರೂಟ್ ಆಧಾರಿತ ಟನಲ್‌ಗೆ ತೊಂದರೆಯಿಲ್ಲ. ಪಾಲಿಸಿ ಆಧಾರಿತ ಐಪಿಸೆಕ್‌ನಲ್ಲಿ ತೊಂದರೆ ಇದೆ: ಅಲ್ಲಿ ಪ್ಯಾಕೆಟ್ ಹೊರಡುವುದು ವ್ಯಾನ್ ಇಂಟರ್‌ಫೇಸ್‌ನಿಂದಲೇ, ಆದ್ದರಿಂದ ಮಾಸ್ಕ್ವೆರೇಡ್ ಮೊದಲು ಮೂಲ ವಿಳಾಸ ಬದಲಿಸಿಬಿಡುತ್ತದೆ. ಬದಲಾದ ವಿಳಾಸ ಪಾಲಿಸಿಗೆ ಹೊಂದದೆ ಪ್ಯಾಕೆಟ್ ಬತ್ತಲೆಯಾಗಿ ಇಂಟರ್ನೆಟ್‌ಗೆ ಹೋಗುತ್ತದೆ. ಐಪಿಸೆಕ್ ಪಾಲಿಸಿಗೆ ಹೊಂದುವ ಪ್ಯಾಕೆಟ್‌ಗೆ ನ್ಯಾಟ್ ಬೇಡ ಎಂಬ ನಿಯಮವನ್ನು ಮಾಸ್ಕ್ವೆರೇಡ್‌ಗಿಂತ ಮೇಲೆ ಇಡಿ.

ಮರಳುವ ರೂಟ್ ಬರೆಯಲು ಬೇಸರಪಟ್ಟು ಟನಲ್‌ನ ಮೇಲೂ ಮಾಸ್ಕ್ವೆರೇಡ್ ಹಾಕುವವರಿದ್ದಾರೆ. ಒಂದು ದಿಕ್ಕಿನಲ್ಲಿ ಕೆಲಸವೂ ನಡೆಯುತ್ತದೆ. ಆದರೆ ಆ ತುದಿಯ ಸರ್ವರ್‌ಗೆ ಇಡೀ ಶಾಖೆ ಒಂದೇ ವಿಳಾಸವಾಗಿ ಕಾಣುತ್ತದೆ; ಲಾಗ್ ನೋಡಿ ಯಾರು ಎಂದು ಹೇಳಲಾಗದು, ಫೈರ್‌ವಾಲ್ ನಿಯಮ ವಿಂಗಡಿಸಲಾಗದು, ಆ ಕಡೆಯಿಂದ ಈ ಕಡೆಗೆ ಸಂಪರ್ಕ ಶುರು ಮಾಡಲಾಗದು.

ಲಿನಕ್ಸ್‌ನಲ್ಲಿ ಹಿಮ್ಮುಖ ದಾರಿ ತಪಾಸಣೆಗೆ ಮೂರು ಸ್ಥಿತಿ: 0 ಎಂದರೆ ಇಲ್ಲ, 1 ಕಟ್ಟುನಿಟ್ಟು, 2 ಸಡಿಲ. ಕಟ್ಟುನಿಟ್ಟಿನಲ್ಲಿ, ಪ್ಯಾಕೆಟ್ ಬಂದ ಇಂಟರ್‌ಫೇಸ್‌ನಿಂದಲೇ ಅದರ ಮೂಲಕ್ಕೆ ಮರಳುವ ದಾರಿ ಇಲ್ಲದಿದ್ದರೆ ಅದನ್ನು ಎಸೆಯುತ್ತದೆ. ಎರಡು ಲಿಂಕ್ ಅಥವಾ ಎರಡು ಹಬ್ ಇರುವ ಕಡೆ 2 ಇಡಿ. ಎಲ್ಲ ಇಂಟರ್‌ಫೇಸ್‌ಗೂ ಅನ್ವಯಿಸುವ ಬೆಲೆ ಮತ್ತು ಆ ಇಂಟರ್‌ಫೇಸ್‌ನ ಬೆಲೆ, ಇವೆರಡರಲ್ಲಿ ದೊಡ್ಡದು ಜಾರಿಗೆ ಬರುತ್ತದೆ. ಒಂದು ಕಡೆ 0 ಬರೆದು ಇನ್ನೊಂದು ಕಡೆ 1 ಉಳಿದಿದ್ದರೆ ತಪಾಸಣೆ ನಡೆದೇ ಇರುತ್ತದೆ.

ಎಂಟಿಯು: ಪಿಂಗ್ ಹೋಗುತ್ತದೆ, ಫೈಲ್ ಹೋಗುವುದಿಲ್ಲ

ಎಂಟಿಯು ಎಂದರೆ ಒಂದು ಲಿಂಕ್‌ನಲ್ಲಿ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ. ಟನಲ್ ಪ್ರತಿ ಪ್ಯಾಕೆಟ್‌ಗೂ ತನ್ನ ಹೊದಿಕೆ ಸೇರಿಸುತ್ತದೆ. ವೈರ್‌ಗಾರ್ಡ್‌ಗೆ ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80. ಲಿಂಕ್‌ನ ಎಂಟಿಯು 1500 ಇದ್ದರೆ 1500ರಿಂದ 80 ಕಳೆದು 1420. ಸಾಮಾನ್ಯವಾಗಿ ಕಾಣುವ ಅಂಕಿ ಇದೇ. ಪಿಪಿಪಿಒಇ ಲಿಂಕ್ ಆದರೆ ಮೂಲವೇ 1492, ಆದ್ದರಿಂದ 1412. ಐಪಿಸೆಕ್‌ನ ಹೊದಿಕೆ ಗೂಢಲಿಪಿಯ ಬಗೆಯ ಮೇಲೆ ನಿಂತಿದೆ; 1400 ಇಟ್ಟರೆ ಸಾಮಾನ್ಯವಾಗಿ ಸುರಕ್ಷಿತ. ಎಲ್ಲ ಕಚೇರಿಗಳಲ್ಲಿ ಅತಿ ಚಿಕ್ಕದಾಗಿ ಬರುವ ಅಂಕಿಯನ್ನೇ ಎಲ್ಲ ಟನಲ್‌ಗೂ ಇಡುವುದು ಉತ್ತಮ. ಎಂಟು ಬೈಟ್ ಉಳಿಸಿ ಯಾರೂ ಶ್ರೀಮಂತರಾಗುವುದಿಲ್ಲ.

ಆಮೇಲೆ ಗೇಟ್‌ವೇಯ ಫಾರ್ವರ್ಡ್ ಸರಪಳಿಯಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ ಹೊರುವ ಗರಿಷ್ಠ ಹೊರೆ) ಅನ್ನು ಎಂಟಿಯುಗೆ ತಕ್ಕಂತೆ ತಗ್ಗಿಸಿ. ಐಪಿವಿ4ರಲ್ಲಿ ಎಂಟಿಯುನಿಂದ 40 ಕಳೆಯಬೇಕು: 1420ಕ್ಕೆ 1380, 1412ಕ್ಕೆ 1372, 1400ಕ್ಕೆ 1360. ಎರಡೂ ದಿಕ್ಕಿಗೆ ನಿಯಮ ಬೇಕು.

ಪರೀಕ್ಷೆ ಹೀಗೆ: ತುಂಡರಿಸಬಾರದು ಎಂಬ ಗುರುತು ಹಾಕಿ 1392 ಬೈಟ್ ಹೊರೆಯ ಪಿಂಗ್ ಕಳಿಸಿ. ಅದಕ್ಕೆ 28 ಬೈಟ್ ತಲೆಬರಹ ಸೇರಿ 1420 ಆಗುತ್ತದೆ. ಅದು ಹೋಗದೆ 1300 ಹೋದರೆ ನಡುವೆ ಎಲ್ಲೋ ಕಡಿಮೆ ಎಂಟಿಯು ಇದೆ. ಹೋದ ಮತ್ತು ಹೋಗದ ಅಂಕಿಗಳ ನಡುವಿನ ಅಂತರವನ್ನು ಅರ್ಧರ್ಧ ಮಾಡುತ್ತ ಹೋಗಿ ಹುಡುಕಿ. ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ. ಪ್ಯಾಕೆಟ್ ದೊಡ್ಡದಾಯಿತು ಎಂದು ಹೇಳುವ ಬಗೆ 3, ಕೋಡ್ 4ರ ಸಂದೇಶ ಮರಳದಿದ್ದರೆ ಕಳಿಸುವವನು ಅದೇ ದೊಡ್ಡ ಪ್ಯಾಕೆಟ್ ಅನ್ನೇ ಮತ್ತೆ ಮತ್ತೆ ಕಳಿಸುತ್ತಾನೆ. ಲಾಗಿನ್ ಪುಟ ಬಂದು ಒಳಗಿನ ಪುಟ ಬರದಿರುವುದು, ಎಸ್‌ಎಸ್‌ಎಚ್ ಒಳಹೊಕ್ಕು ದೊಡ್ಡ ಪಟ್ಟಿ ತೋರಿಸುವಾಗ ಗಕ್ಕನೆ ನಿಲ್ಲುವುದು, ಎರಡೂ ಇದರದೇ ಲಕ್ಷಣ.

ಟನಲ್ ಬಿದ್ದಾಗ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ?

ಟನಲ್ ಇಂಟರ್‌ಫೇಸ್ ಇಳಿದರೆ ಅದರ ರೂಟ್‌ಗಳೂ ಮಾಯ. ಆಗ 10.3.0.0/16ಕ್ಕೆ ಹೊರಟದ್ದು ಡೀಫಾಲ್ಟ್ ರೂಟ್ ಹಿಡಿದು ನೇರ ಇಂಟರ್ನೆಟ್ ಕಡೆ ನಡೆಯುತ್ತದೆ. ಸೋರಿಕೆ ಒಂದು, ಅದರ ಜತೆಗೆ ಫೈರ್‌ವಾಲ್ ಆ ಸಂಪರ್ಕವನ್ನು ವ್ಯಾನ್‌ನ ನ್ಯಾಟ್ ಜತೆ ನೆನಪಿಟ್ಟುಕೊಂಡುಬಿಡುತ್ತದೆ, ಟನಲ್ ಮರಳಿದ ಮೇಲೂ ಹಳೆಯ ನಮೂದು ಸಾಯುವವರೆಗೆ ಫೋನ್ ಕರೆಗಳಂಥವು ಸರಿಹೋಗುವುದಿಲ್ಲ. ಪ್ರತಿ ಗೇಟ್‌ವೇಯಲ್ಲೂ 10.0.0.0/8ಕ್ಕೆ ಒಂದು ಬ್ಲ್ಯಾಕ್‌ಹೋಲ್ ರೂಟ್ (ಬಂದ ಪ್ಯಾಕೆಟ್ ಅನ್ನು ಎಸೆದುಬಿಡುವ ರೂಟ್) ಹಾಕಿ, ಮೆಟ್ರಿಕ್ (ಆದ್ಯತೆಯ ಅಂಕಿ, ಚಿಕ್ಕದಕ್ಕೆ ಮೊದಲ ಸರದಿ) ದೊಡ್ಡದಿರಲಿ. ನಿಜವಾದ ರೂಟ್ ಇರುವವರೆಗೆ ಅದರ ಸರದಿ ಬರುವುದಿಲ್ಲ.

ಜತೆಗೆ ತನ್ನದೇ ಸಂಖ್ಯೆಯ /16ಕ್ಕೂ ಒಂದು ಬ್ಲ್ಯಾಕ್‌ಹೋಲ್ ಬೇಕು. ಶಾಖೆ 2ರಲ್ಲಿ 10.2.50.0 ಎಂಬ ವಿಎಲ್ಯಾನ್ ಇಲ್ಲ ಎಂದುಕೊಳ್ಳಿ. ಆ ವಿಳಾಸಕ್ಕೆ ಬಂದ ಪ್ಯಾಕೆಟ್ ಅನ್ನು ಶಾಖೆ 10.0.0.0/8 ರೂಟ್ ನೋಡಿ ಹಬ್‌ಗೆ ಕಳಿಸುತ್ತದೆ, ಹಬ್ 10.2.0.0/16 ನೋಡಿ ಶಾಖೆಗೆ ವಾಪಸ್ ಕಳಿಸುತ್ತದೆ. ಜಿಆರ್‌ಇ, ಐಪಿಸೆಕ್ ಟನಲ್‌ಗಳಲ್ಲಿ ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ನಿಲ್ದಾಣ ದಾಟಬಹುದೆಂಬ ಎಣಿಕೆ) ಮುಗಿಯುವವರೆಗೆ ಈ ಚೆಂಡಾಟ ನಡೆಯುತ್ತದೆ. ವೈರ್‌ಗಾರ್ಡ್‌ನಲ್ಲಿ ಬಹುಮಟ್ಟಿಗೆ ಅಲೌಡ್ ಐಪಿ ತಪಾಸಣೆಯೇ ಅದನ್ನು ತಡೆಯುತ್ತದೆ. ಅಲ್ಲಿಯೂ ಬರೆದಿಡಿ, ಮುಂದೆ ಬಿಜಿಪಿಗೆ (ರೂಟರ್‌ಗಳು ದಾರಿಗಳನ್ನು ತಾವೇ ಹಂಚಿಕೊಳ್ಳುವ ಪ್ರೋಟೊಕಾಲ್) ಬೇಕಾಗುತ್ತದೆ.

ವೈರ್‌ಗಾರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. ಆ ತುದಿ ಸತ್ತರೂ ಇದರ ಇಂಟರ್‌ಫೇಸ್ ಇಳಿಯುವುದಿಲ್ಲ, ರೂಟ್ ಅಲ್ಲೇ ಇರುತ್ತದೆ. ಹಾಗಾಗಿ ಕಡಿಮೆ ಮೆಟ್ರಿಕ್‌ನದು ಮೊದಲ ಲಿಂಕ್, ಹೆಚ್ಚಿನದು ಎರಡನೆಯ ಲಿಂಕ್ ಎಂದು ಎರಡು ಸ್ಟ್ಯಾಟಿಕ್ ರೂಟ್ ಬರೆದರೆ ಎರಡನೆಯದು ಎಂದಿಗೂ ಬಳಕೆಗೆ ಬಾರದು. ಆ ತುದಿಯನ್ನು ಪಿಂಗ್ ಮಾಡಿ ರೂಟ್ ತೆಗೆಯುವ ಸ್ಕ್ರಿಪ್ಟ್ ಬೇಕು, ಇಲ್ಲವೇ ಡೈನಾಮಿಕ್ ರೂಟಿಂಗ್ ಬೇಕು.

ಬಿಜಿಪಿ ಯಾವಾಗ, ಹೇಗೆ

ನಾಲ್ಕೈದು ಕಚೇರಿ, ಒಂದೊಂದೇ ಲಿಂಕ್ ಇರುವವರೆಗೆ ಸ್ಟ್ಯಾಟಿಕ್ ರೂಟ್ ಸಾಕು. ಓದಲು ಸುಲಭ, ಕೆಡುವುದು ಕಡಿಮೆ. ಎರಡನೆಯ ಹಬ್ ಅಥವಾ ಎರಡನೆಯ ಲಿಂಕ್ ಬಂದ ದಿನ ಬಿಜಿಪಿಗೆ ಬದಲಿಸಿ. ಓಎಸ್‌ಪಿಎಫ್ ಎಂಬ ಇನ್ನೊಂದು ರೂಟಿಂಗ್ ಪ್ರೋಟೊಕಾಲ್ ಕೂಡ ನಡೆಯುತ್ತದೆ, ಆದರೆ ಅದಕ್ಕೆ 224.0.0.5 ಎಂಬ ಮಲ್ಟಿಕಾಸ್ಟ್ ವಿಳಾಸ ಟನಲ್ ದಾಟಬೇಕು, ಎರಡೂ ತುದಿಯ ಎಂಟಿಯು ಹೊಂದದಿದ್ದರೆ ನೆರೆಹೊರೆ ಒಪ್ಪಂದ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಜಿಪಿಗೆ ಟಿಸಿಪಿ 179 ಹೋದರೆ ಸಾಕು, ಮತ್ತು ಯಾರಿಂದ ಏನನ್ನು ಒಪ್ಪಬೇಕು ಎಂಬ ಹಿಡಿತ ನಮ್ಮ ಕೈಯಲ್ಲಿರುತ್ತದೆ.

ಒಂದೇ ವೈರ್‌ಗಾರ್ಡ್ ಇಂಟರ್‌ಫೇಸ್‌ನಲ್ಲಿ ಹಲವು ಪಿಯರ್ ಇಟ್ಟು ಅದರ ಮೇಲೆ ಬಿಜಿಪಿ ಓಡಿಸಿದರೆ ಪ್ರಯೋಜನವಿಲ್ಲ. ಬಿಜಿಪಿ ರೂಟಿಂಗ್ ಪಟ್ಟಿಯನ್ನು ಬದಲಿಸುತ್ತದೆಯೇ ಹೊರತು ಅಲೌಡ್ ಐಪಿ ಪಟ್ಟಿಯನ್ನಲ್ಲ. ಹಾಗಾಗಿ ಹಬ್‌ನಲ್ಲಿ ಪ್ರತಿ ಶಾಖೆಗೂ ಬೇರೆ ಇಂಟರ್‌ಫೇಸ್, ಬೇರೆ ಪೋರ್ಟ್, ಬೇರೆ /30 ವಿಳಾಸ ಕೊಡಿ. ಪ್ರತಿಯೊಂದರಲ್ಲೂ ಒಬ್ಬನೇ ಪಿಯರ್, ಅಲೌಡ್ ಐಪಿ 0.0.0.0/0. ಇದನ್ನು ಹೀಗೇ ಬಿಟ್ಟರೆ ಡಬ್ಲ್ಯುಜಿ-ಕ್ವಿಕ್ (ವೈರ್‌ಗಾರ್ಡ್ ಇಂಟರ್‌ಫೇಸ್ ಎಬ್ಬಿಸುವ ಪರಿಕರ) ಇಡೀ ಇಂಟರ್ನೆಟ್ ಅನ್ನೇ ಟನಲ್‌ಗೆ ತಿರುಗಿಸುತ್ತದೆ. ಟೇಬಲ್ ಆಫ್ ಎಂಬ ಸಾಲು ಸೇರಿಸಿ, ರೂಟ್ ಬರೆಯುವ ಕೆಲಸವನ್ನು ಬಿಜಿಪಿಗೆ ಬಿಡಿ.

ಪ್ರತಿ ಕಚೇರಿಗೂ ಖಾಸಗಿ ಎಎಸ್ ಸಂಖ್ಯೆ (ಬಿಜಿಪಿಯಲ್ಲಿ ಒಂದು ಜಾಲದ ಗುರುತು) ಕೊಡಿ, ವ್ಯಾಪ್ತಿ 64512ರಿಂದ 65534. 65001, 65002 ಎಂದು ಕಚೇರಿ ಸಂಖ್ಯೆಗೆ ಹೊಂದಿಸಿದರೆ ನೆನಪಿಗೆ ಸುಲಭ. ಶಾಖೆ 2 ಪ್ರಕಟಿಸಬೇಕಾದ್ದು 10.2.0.0/16 ಒಂದೇ. ಆ ಪ್ರಿಫಿಕ್ಸ್ ಅದೇ ಅಳತೆಯಲ್ಲಿ ರೂಟಿಂಗ್ ಪಟ್ಟಿಯಲ್ಲಿದ್ದರೆ ಮಾತ್ರ ಪ್ರಕಟವಾಗುತ್ತದೆ. ಮೇಲೆ ಹಾಕಿದ /16 ಬ್ಲ್ಯಾಕ್‌ಹೋಲ್ ಈಗ ಆ ಕೆಲಸ ಮಾಡುತ್ತದೆ. ಹಬ್‌ನಲ್ಲಿ ಶಾಖೆ 2ರಿಂದ ಆ ಒಂದು ಪ್ರಿಫಿಕ್ಸ್ ಮಾತ್ರ ಒಪ್ಪುವ ಫಿಲ್ಟರ್ ಕಡ್ಡಾಯ. ಅದಿಲ್ಲದಿದ್ದರೆ ಯಾರೋ ಶಾಖೆಯಲ್ಲಿ ತಪ್ಪಿ ಡೀಫಾಲ್ಟ್ ರೂಟ್ ಪ್ರಕಟಿಸಿದ ದಿನ ಎಲ್ಲ ಕಚೇರಿಗಳ ಇಂಟರ್ನೆಟ್ ಆ ಶಾಖೆಗೆ ನುಗ್ಗುತ್ತದೆ. ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿಗಳಲ್ಲಿ ಪಾಲಿಸಿ ಬರೆಯದೆ ಇ-ಬಿಜಿಪಿ (ಬೇರೆ ಬೇರೆ ಎಎಸ್‌ಗಳ ನಡುವಿನ ಬಿಜಿಪಿ) ಒಂದು ರೂಟನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಸೆಷನ್ ಎದ್ದಿದೆ, ರೂಟ್ ಸೊನ್ನೆ ಎಂದಾದರೆ ಮೊದಲು ಇದನ್ನೇ ನೋಡಿ.

ಬಿಜಿಪಿಯ ರೂಢಿಯ ಟೈಮರ್‌ಗಳು (ಕೀಪ್‌ಅಲೈವ್ ಕಳಿಸಲು ಒಂದು, ಆ ತುದಿ ಸತ್ತಿದೆ ಎನ್ನಲು ಇನ್ನೊಂದು) 60 ಮತ್ತು 180 ಸೆಕೆಂಡು. ಎಂದರೆ ಲಿಂಕ್ ಸತ್ತ ಮೂರು ನಿಮಿಷದ ನಂತರ ದಾರಿ ಬದಲಾಗುತ್ತದೆ. ಇದನ್ನು 10 ಮತ್ತು 30ಕ್ಕೆ ಇಳಿಸಿ. ಇನ್ನೂ ವೇಗ ಬೇಕಾದರೆ ಬಿಎಫ್‌ಡಿ (ಲಿಂಕ್ ಸತ್ತದ್ದನ್ನು ಬೇಗ ಹಿಡಿಯುವ ಪ್ರೋಟೊಕಾಲ್) ಸೇರಿಸಿ, ಆದರೆ ಸಾರ್ವಜನಿಕ ಇಂಟರ್ನೆಟ್ ಮೇಲೆ 300 ಮಿಲಿಸೆಕೆಂಡು, 3 ಬಾರಿ ಎಂಬ ಅಳತೆ ಬಹಳ ಬಿಗಿ. 1 ಸೆಕೆಂಡು, 5 ಬಾರಿ ಇಟ್ಟರೆ ಸಣ್ಣ ಅಲುಗಾಟಕ್ಕೆ ದಾರಿ ಹೊಯ್ದಾಡುವುದಿಲ್ಲ.

ಎರಡು ಹಬ್ ಇದ್ದರೆ ಆಯ್ಕೆಯನ್ನು ಎರಡೂ ದಿಕ್ಕಿಗೆ ಹೇಳಬೇಕು. ಶಾಖೆಯಿಂದ ಹೊರಡುವುದು ಮೊದಲ ಹಬ್ ಹಿಡಿಯಲಿ ಎಂದು ಅದರಿಂದ ಬಂದ ರೂಟ್‌ಗಳಿಗೆ ಲೋಕಲ್ ಪ್ರಿಫರೆನ್ಸ್ ಹೆಚ್ಚಿಸಿ, ಉದಾಹರಣೆಗೆ 200. ಶಾಖೆಗೆ ಬರುವುದೂ ಅದರ ಮೂಲಕವೇ ಬರಲಿ ಎಂದು ಎರಡನೆಯ ಹಬ್‌ಗೆ ಪ್ರಕಟಿಸುವಾಗ ಎಎಸ್ ಹಾದಿಯಲ್ಲಿ ತನ್ನ ಸಂಖ್ಯೆಯನ್ನು ಎರಡು ಮೂರು ಸಲ ಹೆಚ್ಚಿಗೆ ಸೇರಿಸಿ. ಒಂದನ್ನೇ ಮಾಡಿದರೆ ಹೋಗುವುದು ಒಂದು ಹಬ್‌ನಲ್ಲಿ, ಬರುವುದು ಇನ್ನೊಂದರಲ್ಲಿ; ಎರಡರ ಫೈರ್‌ವಾಲ್‌ಗಳೂ ಅರ್ಧ ಸಂಭಾಷಣೆ ಕೇಳಿ ಬಾಗಿಲು ಹಾಕುತ್ತವೆ.

ಶಾಖೆಗಳ ಇಂಟರ್ನೆಟ್ ಓಡಾಟವನ್ನೂ ಹಬ್ ಮೂಲಕವೇ ಹೊರಡಿಸಬೇಕೆಂದರೆ ಡೀಫಾಲ್ಟ್ ರೂಟ್ ಟನಲ್‌ಗೆ ಹೋಗುತ್ತದೆ. ಆಗ ಹಬ್‌ನ ಸಾರ್ವಜನಿಕ ವಿಳಾಸಕ್ಕೆ ಮಾತ್ರ ವ್ಯಾನ್ ಮೂಲಕ ಒಂದು /32 ರೂಟ್ ಮೊದಲೇ ಇರಬೇಕು. ಇಲ್ಲದಿದ್ದರೆ ಟನಲ್‌ನ ಪ್ಯಾಕೆಟ್ ಟನಲ್‌ನೊಳಗೇ ಹೋಗಲು ನೋಡಿ ಎಲ್ಲ ನಿಲ್ಲುತ್ತದೆ. ಸ್ಟ್ಯಾಟಿಕ್ ಮಾದರಿಯಲ್ಲಿ 0.0.0.0/0 ಬರೆದಾಗ ಡಬ್ಲ್ಯುಜಿ-ಕ್ವಿಕ್ ಇದನ್ನು ತಾನೇ ನಿಭಾಯಿಸುತ್ತದೆ, ಟೇಬಲ್ ಆಫ್ ಇದ್ದಾಗ ನೀವೇ ಮಾಡಬೇಕು. ಹಬ್‌ನ ಮಾಸ್ಕ್ವೆರೇಡ್ ನಿಯಮ 10.2.0.0/16 ಮುಂತಾದವನ್ನೂ ಒಳಗೊಂಡಿರಲಿ.

ಎರಡು ಕಚೇರಿಗೂ ಒಂದೇ ವಿಳಾಸವಿದ್ದರೆ

ಒಂದನ್ನು ಬದಲಿಸುವುದೇ ಸರಿಯಾದ ಪರಿಹಾರ. ಡಿಎಚ್‌ಸಿಪಿ ಲೀಸ್ (ಯಂತ್ರಗಳಿಗೆ ತಾನಾಗಿ ಸಿಗುವ ವಿಳಾಸದ) ಅವಧಿಯನ್ನು ಒಂದು ಗಂಟೆಗೆ ಇಳಿಸಿ, ಪ್ರಿಂಟರ್ ಮತ್ತು ಸರ್ವರ್‌ಗಳ ಕೈಯಾರೆ ಹಾಕಿದ ವಿಳಾಸಗಳ ಪಟ್ಟಿ ಮಾಡಿಕೊಂಡು, ಒಂದು ರಜಾದಿನ ಮುಗಿಸಿಬಿಡಿ.

ತುರ್ತಿಗೆ ಒಂದಕ್ಕೊಂದು ನ್ಯಾಟ್ ಮಾಡಬಹುದು. ಎರಡೂ ಕಡೆ 192.168.1.0/24 ಇದ್ದರೆ, ಮೊದಲನೆಯದು ಹೊರಗೆ 10.101.1.0/24 ಆಗಿಯೂ ಎರಡನೆಯದು 10.102.1.0/24 ಆಗಿಯೂ ಕಾಣಲಿ. ಕೊನೆಯ ಅಂಕಿ ಹಾಗೇ ಉಳಿಯುತ್ತದೆ. ಪ್ರತಿ ಗೇಟ್‌ವೇ ಟನಲ್‌ಗೆ ಹೋಗುವಾಗ ತನ್ನ ಕಡೆಯ ಮೂಲವನ್ನೂ, ಟನಲ್‌ನಿಂದ ಬರುವಾಗ ಗುರಿಯನ್ನೂ ಬದಲಿಸಬೇಕು. ಅಲೌಡ್ ಐಪಿಯಲ್ಲಿ ಬರೆಯುವುದು ಈ ತೋರಿಕೆಯ ವಿಳಾಸಗಳನ್ನು. ವಿಳಾಸವನ್ನು ಸಂದೇಶದೊಳಗೇ ಬರೆದು ಕಳಿಸುವ ಎಸ್‌ಐಪಿ ಫೋನ್ ಮತ್ತು ಆ್ಯಕ್ಟಿವ್ ಎಫ್‌ಟಿಪಿ ಇಲ್ಲಿ ಕೆಡುತ್ತವೆ. ಡಿಎನ್‌ಎಸ್ ಕೂಡ ನಿಜ ವಿಳಾಸವನ್ನೇ ಹೇಳಿ ದಾರಿ ತಪ್ಪಿಸುತ್ತದೆ.

ಹೆಸರುಗಳ ಬಗ್ಗೆ ಹೇಳುವುದಾದರೆ, ಪ್ರತಿ ಕಚೇರಿಗೂ ಒಂದು ಉಪ ಡೊಮೈನ್ ಕೊಟ್ಟು, ಉಳಿದ ಕಚೇರಿಗಳ ಡಿಎನ್‌ಎಸ್ ಸರ್ವರ್‌ಗಳು ಆ ಹೆಸರನ್ನು ಮಾತ್ರ ಅಲ್ಲಿಗೆ ರವಾನಿಸುವಂತೆ ಮಾಡಿ. ಕೆಲವು ರಿಸಾಲ್ವರ್‌ಗಳು ರೀಬೈಂಡ್ ರಕ್ಷಣೆಯ ಹೆಸರಲ್ಲಿ ಖಾಸಗಿ ವಿಳಾಸವಿರುವ ಉತ್ತರವನ್ನು ಎಸೆಯುತ್ತವೆ. ಆ ಉಪ ಡೊಮೈನ್‌ಗಳಿಗೆ ವಿನಾಯಿತಿ ಬರೆಯಿರಿ.

ದೋಷ ಹುಡುಕುವ ಕ್ರಮ

ಹ್ಯಾಂಡ್‌ಶೇಕ್‌ನಿಂದ ಶುರು ಮಾಡಿ. ಓಡಾಟ ಇರುವಾಗ ವೈರ್‌ಗಾರ್ಡ್ ಸುಮಾರು ಎರಡು ನಿಮಿಷಕ್ಕೊಮ್ಮೆ ಅದನ್ನು ನವೀಕರಿಸುತ್ತದೆ. ಕೊನೆಯದು ಮೂರು ನಿಮಿಷಕ್ಕಿಂತ ಹಳೆಯದಾಗಿದ್ದರೆ ರೂಟಿಂಗ್ ನೋಡುವ ಅಗತ್ಯವೇ ಇಲ್ಲ. ಕೀ, ಪೋರ್ಟ್, ಎಂಡ್‌ಪಾಯಿಂಟ್, ಗಡಿಯಾರ ಇವುಗಳನ್ನು ನೋಡಿ. ಪಿಂಗ್ ಮಾಡಿದಾಗ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದು ಬಂದರೆ ಆ ವಿಳಾಸ ಯಾವ ಪಿಯರ್‌ನ ಅಲೌಡ್ ಐಪಿಯಲ್ಲೂ ಇಲ್ಲ. ‘ಡೆಸ್ಟಿನೇಶನ್ ಅಡ್ರೆಸ್ ರಿಕ್ವೈರ್ಡ್’ ಎಂದರೆ ಪಿಯರ್ ಗೊತ್ತು, ಅವನ ಎಂಡ್‌ಪಾಯಿಂಟ್ ಗೊತ್ತಿಲ್ಲ. ನ್ಯಾಟ್ ಹಿಂದಿನ ಶಾಖೆ ಇನ್ನೂ ತಾನಾಗಿ ಬಂದು ಬಾಗಿಲು ತಟ್ಟಿಲ್ಲ.

ಹ್ಯಾಂಡ್‌ಶೇಕ್ ಸರಿಯಿದ್ದರೆ ಟನಲ್ ವಿಳಾಸಕ್ಕೆ ಪಿಂಗ್, ನಂತರ ಆ ಗೇಟ್‌ವೇಯ ಲ್ಯಾನ್ ವಿಳಾಸಕ್ಕೆ, ನಂತರ ಒಳಗಿನ ಪಿಸಿಗೆ. ಗೇಟ್‌ವೇಯಿಂದಲೇ ಪಿಂಗ್ ಮಾಡುವಾಗ ಮೂಲ ವಿಳಾಸ ಟನಲ್‌ನದಾಗಿರುತ್ತದೆ, ಅದಕ್ಕೆ ಮರಳುವ ದಾರಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಾಗಿ ಅದು ಸರಿಬಂದರೂ ಏನೂ ಸಾಬೀತಾಗದು. ಮೂಲ ವಿಳಾಸವನ್ನು ಲ್ಯಾನ್‌ನದು ಎಂದು ಬಲವಂತವಾಗಿ ಹೇಳಿ ಪಿಂಗ್ ಮಾಡಿ.

ಗೇಟ್‌ವೇಯ ಲ್ಯಾನ್ ವಿಳಾಸ ಸಿಕ್ಕಿ ಒಳಗಿನ ಪಿಸಿ ಸಿಗದಿದ್ದರೆ ಆ ಪಿಸಿಯ ಡೀಫಾಲ್ಟ್ ಗೇಟ್‌ವೇ ಬೇರೆಯದು, ಅಥವಾ ಅದರ ಸ್ವಂತ ಫೈರ್‌ವಾಲ್ ಅಡ್ಡ ಬಂದಿದೆ. ವಿಂಡೋಸ್ ಫೈರ್‌ವಾಲ್ ಎಷ್ಟೋ ಸಲ ಬೇರೆ ಸಬ್‌ನೆಟ್‌ನ ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ರೂಟಿಂಗ್ ಅನ್ನು ದೂರುವ ಮೊದಲು ಪ್ರಿಂಟರ್‌ನಂಥ ಸರಳ ಸಾಧನವೊಂದನ್ನು ಪಿಂಗ್ ಮಾಡಿ ನೋಡಿ.

ಇಷ್ಟಕ್ಕೂ ಸಿಗದಿದ್ದರೆ ಪ್ಯಾಕೆಟ್ ಸೆರೆಹಿಡಿದು ತೋರಿಸುವ ಟಿಸಿಪಿಡಂಪ್ ಅನ್ನು ನಾಲ್ಕು ಜಾಗದಲ್ಲಿ ಒಟ್ಟಿಗೆ ಹಚ್ಚಿ: ಕಳಿಸುವ ಗೇಟ್‌ವೇಯ ಲ್ಯಾನ್, ಅದರ ಟನಲ್, ಪಡೆಯುವ ಗೇಟ್‌ವೇಯ ಟನಲ್, ಅದರ ಲ್ಯಾನ್. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಇಲ್ಲಿನ ರೂಟ್, ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್. ಎರಡನೆಯದರಲ್ಲಿ ಕಂಡು ಮೂರನೆಯದರಲ್ಲಿ ಕಾಣದಿದ್ದರೆ ಅಲೌಡ್ ಐಪಿ ಅಥವಾ ಎಂಟಿಯು. ಹಬ್ ನಡುವೆ ಇದ್ದರೆ ಅದರ ಟನಲ್ ಇಂಟರ್‌ಫೇಸ್‌ನಲ್ಲಿ ಒಮ್ಮೆ ಒಳಗೆ, ಒಮ್ಮೆ ಹೊರಗೆ ಕಾಣುತ್ತದೆಯೇ ನೋಡಿ. ಮೂರರಲ್ಲಿ ಕಂಡು ನಾಲ್ಕರಲ್ಲಿ ಇಲ್ಲವೆಂದರೆ ಆ ಕಡೆಯ ಫೈರ್‌ವಾಲ್ ಅಥವಾ ಹಿಮ್ಮುಖ ದಾರಿ ತಪಾಸಣೆ. ನಾಲ್ಕರಲ್ಲೂ ಕಂಡು ಉತ್ತರ ಮಾತ್ರ ಇಲ್ಲವೆಂದರೆ ಪಿಸಿಯ ಬಳಿ ಹೋಗಿ. ಉತ್ತರ ನಾಲ್ಕನೆಯದರಲ್ಲಿ ಕಾಣುತ್ತದೆ, ಮೂರನೆಯದರಲ್ಲಿ ಕಾಣುವುದಿಲ್ಲ ಎಂದಾದರೆ ಆ ಗೇಟ್‌ವೇಯ ರೂಟಿಂಗ್ ಪಟ್ಟಿಯಲ್ಲಿ ನಿಮ್ಮ ಕಚೇರಿಯ /16 ಇಲ್ಲ. ಅಲ್ಲಿ ‘ಐಪಿ ರೂಟ್ ಗೆಟ್’ ಕೊಟ್ಟು ನಿಮ್ಮ ಪಿಸಿಯ ವಿಳಾಸ ಕೇಳಿ. ಉತ್ತರದಲ್ಲಿ ಟನಲ್ ಇಂಟರ್‌ಫೇಸ್ ಬದಲು ವ್ಯಾನ್‌ನ ಹೆಸರು ಬಂದರೆ ಅಥವಾ ಬ್ಲ್ಯಾಕ್‌ಹೋಲ್ ರೂಟ್‌ಗೆ ಬಡಿದು ದೋಷ ಬಂದರೆ, ಬರೆಯಬೇಕಾದ ಸಾಲು ಆ ಗೇಟ್‌ವೇಯಲ್ಲೇ ಇದೆ.